ಎರಡು ಮಿಲಿಮೀಟರಿನ ಹಿಂದೆ ನಾಲ್ಕು ಮಿಲಿಸೆಕೆಂಡ್: ಭೋಸರಿಯ ಒಂದು ಪ್ಯಾಕಿಂಗ್ ಮಷೀನಿನ ಪ್ರಕರಣ

ಲೋಣಾವಳದಿಂದ ಫೋನ್ ಬಂದಾಗ ನಾವು ಮಧ್ಯಾಹ್ನದ ರೊಟ್ಟಿ ಬುತ್ತಿ ಬಿಚ್ಚಿದ್ದೆವು. ಫೋನ್ ಮಾಡಿದವರು ಚಿಕ್ಕಿ ತಯಾರಿಸುವ ಗಿರಾಕಿ. ಅವರಿಗೆ ಹೊಸ ಪ್ಯಾಕಿಂಗ್ ಮಷೀನು ಕೊಟ್ಟು ಒಂದು ವಾರ ಆಗಿತ್ತು. ಪ್ಯಾಕೆಟ್ ಕತ್ತರಿಸುವ ಜಾಗ ಒಂದೇ ಕಡೆ ನಿಲ್ಲುತ್ತಿಲ್ಲ ಎಂದರು. ಒಂದು ಪ್ಯಾಕೆಟ್ ಸರಿಯಾಗಿ ಗೆರೆಯ ಮೇಲೆ ಕಟ್ ಆಗುತ್ತದೆ, ಮುಂದಿನದು ಎರಡು ಮಿಲಿಮೀಟರ್ ಆಚೆ. ಎಂಟು ಹತ್ತು ನಿಮಿಷಕ್ಕೊಮ್ಮೆ ಒಂದು ಪ್ಯಾಕೆಟ್ ಅಂತೂ ಹೆಸರಿನ ಅಕ್ಷರದ ಮೇಲೇ ಕಟ್ ಆಗಿ ಬರುತ್ತದೆ. ಅಂಗಡಿಯವರು ಅಂಥದ್ದನ್ನು ವಾಪಸ್ ಕಳಿಸುತ್ತಾರೆ.

ನಮ್ಮದು ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಶೆಡ್. ಮಾಲಕರು ಬೆಳಗಾವಿ ಕಡೆಯವರು. ಹಿರಿಯ ಫಿಟ್ಟರ್ ವಿಜಯಪುರದವರು, ಅವರನ್ನು ಎಲ್ಲರೂ ಕಾಕಾ ಎನ್ನುತ್ತೇವೆ. ಪ್ರೋಗ್ರಾಮಿಂಗ್‌ನಲ್ಲಿ ನನ್ನ ಜೊತೆ ಕಲಬುರಗಿಯ ಒಬ್ಬ ಹುಡುಗ ಇದ್ದಾನೆ. ನಾನು ಧಾರವಾಡದವನು. ಶೆಡ್ಡಿನಲ್ಲಿ ಗಿರಾಕಿ ಬಂದರೆ ಮರಾಠಿ, ಉಳಿದಂತೆ ಕನ್ನಡವೇ.

ಈ ಪ್ರಕರಣವನ್ನು ಪೂರ್ತಿ ಬರೆದಿಡಬೇಕು ಎಂದು ನನಗೆ ಅನಿಸಿದ್ದಕ್ಕೆ ಕಾರಣ ಇದೆ. ಒಂದೇ ದೂರಿನ ಒಳಗೆ ಎರಡು ಬೇರೆ ಬೇರೆ ರೋಗಗಳಿದ್ದವು. ಒಂದು ಟೈಮರಿನದು, ಇನ್ನೊಂದು ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ತಡ ಮಾಡುವುದರದು. ಇವೆರಡನ್ನೂ ಒಂದೇ ಎಂದು ತಿಳಿದವರು ಬಹಳ ಜನ. ನಾವೂ ಮೊದಲ ಮೂರು ದಿನ ಹಾಗೇ ತಿಳಿದಿದ್ದೆವು.

ಮಷೀನು ಏನು ಮಾಡುತ್ತದೆ

ಇದು ಫ್ಲೋ ರ‍್ಯಾಪ್ ಮಷೀನು. ರೋಲಿನಿಂದ ಪ್ರಿಂಟ್ ಆದ ಫಿಲ್ಮ್ ಬರುತ್ತದೆ, ಚಿಕ್ಕಿಯ ಸುತ್ತ ಮಡಚಿಕೊಳ್ಳುತ್ತದೆ, ಕೆಳಗೆ ಉದ್ದಕ್ಕೆ ಸೀಲ್ ಆಗುತ್ತದೆ. ಕೊನೆಯಲ್ಲಿ ಬಿಸಿ ಜಾ, ಅಂದರೆ ದವಡೆ, ಎರಡೂ ಕಡೆಯಿಂದ ಒತ್ತಿ ಅಡ್ಡ ಸೀಲ್ ಹಾಕುತ್ತದೆ. ಅದರ ನಡುವಿನ ಬ್ಲೇಡು ಕತ್ತರಿಸುತ್ತದೆ. ಫಿಲ್ಮಿನ ಅಂಚಿನಲ್ಲಿ ಪ್ರತಿ ಪ್ಯಾಕೆಟ್ಟಿಗೊಂದು ಕಪ್ಪು ಗುರುತು ಇರುತ್ತದೆ, ಅದು ಐ ಮಾರ್ಕ್. ಸೆನ್ಸರ್ ಅದನ್ನು ನೋಡಿದ ಕ್ಷಣದಲ್ಲಿ, ಫಿಲ್ಮ್ ಎಷ್ಟು ಮುಂದೆ ಬಂತು ಎಂದು ಎಣಿಸುವ ಎನ್‌ಕೋಡರ್ ಎಷ್ಟು ತೋರಿಸುತ್ತಿತ್ತು ಎಂಬುದರ ಮೇಲೆ ಬ್ಲೇಡು ಎಲ್ಲಿ ಬೀಳಬೇಕು ಎಂಬ ಲೆಕ್ಕ ನಡೆಯುತ್ತದೆ.

ಹಳೆಯ ಮಾಡೆಲ್‌ನಲ್ಲಿ ಈ ಕೆಲಸವನ್ನು ಪಿಎಲ್‌ಸಿ ಎಂಬ ಮಷೀನು ನಡೆಸುವ ಕಂಟ್ರೋಲರ್ ಮಾಡುತ್ತಿತ್ತು. ಹೊಸದರಲ್ಲಿ ಖರ್ಚು ಕಡಿಮೆ ಮಾಡಲು ಪಿಎಲ್‌ಸಿ ಮತ್ತು ಸ್ಕ್ರೀನ್ ಎರಡೂ ಕೆಲಸವನ್ನು ಒಂದೇ ಇಂಡಸ್ಟ್ರಿಯಲ್ ಪಿಸಿಗೆ ಕೊಟ್ಟೆವು. ಅದರ ಮೇಲೆ ಡೆಬಿಯನ್ 12 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್, ಅದರ 6.1 ಲಿನಕ್ಸ್ ಕರ್ನಲ್. ಒಂದು ಥ್ರೆಡ್, ಅಂದರೆ ಪ್ರೋಗ್ರಾಮಿನೊಳಗೆ ತಾನೇ ಓಡುವ ಒಂದು ಎಳೆ, ಮಿಲಿಸೆಕೆಂಡಿಗೊಮ್ಮೆ ಎದ್ದು ಮಾರ್ಕ್ ಬಂತಾ ಎಂದು ನೋಡಬೇಕು, ಎನ್‌ಕೋಡರ್ ಓದಬೇಕು, ಮತ್ತೆ ಮಲಗಬೇಕು. ಕೆಲಸ ಇಷ್ಟೇ.

ಲೋಣಾವಳದಲ್ಲಿ ಫಿಲ್ಮ್ ಓಡುವ ವೇಗ ನಿಮಿಷಕ್ಕೆ 30 ಮೀಟರ್. ಅಂದರೆ ಸೆಕೆಂಡಿಗೆ 500 ಮಿಲಿಮೀಟರ್, ಒಂದು ಮಿಲಿಸೆಕೆಂಡಿಗೆ ಅರ್ಧ ಮಿಲಿಮೀಟರ್. ಪ್ಯಾಕೆಟ್ಟಿನ ಉದ್ದ 150 ಮಿಲಿಮೀಟರ್, ಹಾಗಾಗಿ ನಿಮಿಷಕ್ಕೆ 200 ಪ್ಯಾಕೆಟ್, ಪ್ರತಿ 300 ಮಿಲಿಸೆಕೆಂಡಿಗೆ ಒಂದು. ಈ ಅಂಕಿಗಳನ್ನು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇವುಗಳ ಮೇಲೇ ನಿಂತಿದೆ.

ಮೇಜಿನ ಮೇಲೆ ನೂರು ಪ್ಯಾಕೆಟ್

ನಮ್ಮ ಶೆಡ್ಡಿನಲ್ಲಿ ಟ್ರಯಲ್ ಮಾಡಿದಾಗ ಮಷೀನು ಪಾಸಾಗಿತ್ತು. ಗಿರಾಕಿ ಒಪ್ಪಿದ ಅಳತೆ ಆಚೀಚೆ ಅರ್ಧ ಮಿಲಿಮೀಟರ್. ಆದರೆ ಟ್ರಯಲ್ ನಡೆದದ್ದು ನಿಮಿಷಕ್ಕೆ 15 ಮೀಟರ್ ವೇಗದಲ್ಲಿ. ಗಿರಾಕಿ ಕಳಿಸಿದ್ದು ಒಂದೇ ರೋಲು, ಅದನ್ನು ಉಳಿಸೋಣ ಎಂದು ನಿಧಾನಕ್ಕೆ ಓಡಿಸಿದ್ದೆವು.

ದೂರು ಬಂದ ಮೇಲೆ ಮೊದಲ ಅನುಮಾನ ರಬ್ಬರ್ ರೋಲರಿನ ಮೇಲೆ ಹೋಯಿತು. ಫಿಲ್ಮ್ ಜಾರುತ್ತಿರಬಹುದು ಅಂತ. ಕಾಕಾ ರೋಲರನ್ನು ಬೆರಳಿಂದ ಉಜ್ಜಿ ನೋಡಿದರು. ಒತ್ತಡದ ಸ್ಪ್ರಿಂಗ್ ನೋಡಿದರು. ಆಮೇಲೆ ತಲೆ ಅಲ್ಲಾಡಿಸಿದರು.

"ತಮ್ಮಾ, ಇದು ಜಾರೂದಲ್ಲ. ಜಾರಿದ್ರ ಒಂದs ಕಡೆ ಸರಕೋತ ಹೋಗ್ತದ. ಇದು ಹಂಗ ಮಾಡವಲ್ದು. ಹೋಗ್ತದ, ಮತ್ತ ಬರ್ತದ."

ಅವರ ಮಾತು ನನ್ನ ತಲೆಯಲ್ಲಿ ಕೂತಿತು. ಲೋಣಾವಳದಿಂದ ಒಂದರ ಹಿಂದೆ ಒಂದು ಬಂದ ನೂರು ಪ್ಯಾಕೆಟ್ ತರಿಸಿದೆ. ಮೇಜಿನ ಮೇಲೆ ಹಾಳೆ ಹಾಸಿ, ಸ್ಟೀಲ್ ಸ್ಕೇಲು ಮತ್ತು ಭೂತಗನ್ನಡಿ ಹಿಡಿದು, ಮಾರ್ಕಿನ ಅಂಚಿನಿಂದ ಕಟ್ ಎಷ್ಟು ದೂರ ಎಂದು ಒಂದೊಂದನ್ನೇ ಅಳೆದೆವು. ಕಲಬುರಗಿ ಹುಡುಗ ಚೌಕುಳಿ ಹಾಳೆಯ ಮೇಲೆ ಗೀಟು ಹಾಕುತ್ತಾ ಹೋದ. ಸೊನ್ನೆಯಿಂದ ಅರ್ಧ ಮಿಲಿಮೀಟರಿನ ಮನೆಯಲ್ಲಿ 26. ಅರ್ಧದಿಂದ ಒಂದರೊಳಗೆ 24. ಒಂದರಿಂದ ಒಂದೂವರೆಯೊಳಗೆ 23. ಒಂದೂವರೆಯಿಂದ ಎರಡರೊಳಗೆ 27. ಎರಡು ದಾಟಿದ್ದು ಒಂದೂ ಇಲ್ಲ.

ಇದನ್ನು ಸ್ವಲ್ಪ ಹೊತ್ತು ನೋಡಿ. ಯಾಂತ್ರಿಕ ಸಡಿಲ ಇದ್ದರೆ ಹೆಚ್ಚಿನ ಪ್ಯಾಕೆಟ್ ನಡುವೆ ಗುಂಪುಗೂಡುತ್ತವೆ, ಅಂಚಿಗೆ ಹೋದಂತೆ ಕಡಿಮೆಯಾಗುತ್ತವೆ. ಇಲ್ಲಿ ನಾಲ್ಕು ಮನೆಯಲ್ಲೂ ಹೆಚ್ಚುಕಡಿಮೆ ಸಮ, ಆಮೇಲೆ ಗೋಡೆ ಕಟ್ಟಿದ ಹಾಗೆ ಎರಡಕ್ಕೆ ನಿಂತಿದೆ. ಯಾರೋ ನಿಗದಿಯಾದ ಹೊತ್ತಿಗೊಮ್ಮೆ ಮಾತ್ರ ಕಣ್ಣು ಬಿಟ್ಟು ನೋಡಿದರೆ ಹೀಗಾಗುತ್ತದೆ. ಮಾರ್ಕ್ ಕಣ್ಣು ಮುಚ್ಚಿದ ಅವಧಿಯಲ್ಲಿ ಎಲ್ಲಿ ಬೇಕಾದರೂ ಬರಬಹುದು, ಆದರೆ ಸಿಗುವುದು ಕಣ್ಣು ಬಿಟ್ಟಾಗಲೇ.

ಎಷ್ಟು ಹೊತ್ತಿಗೊಮ್ಮೆ? ಎರಡು ಮಿಲಿಮೀಟರನ್ನು ಅರ್ಧದಿಂದ ಭಾಗಿಸಿದರೆ ನಾಲ್ಕು ಮಿಲಿಸೆಕೆಂಡ್. ಶೆಡ್ಡಿನ ಇನ್ನೊಂದು ಮಷೀನಿನಲ್ಲಿ ಅದೇ ಸಾಫ್ಟ್‌ವೇರ್ ಹಾಕಿ ವೇಗ ಅರ್ಧ ಮಾಡಿ ಅಳೆದೆವು, ಹರವು ಒಂದು ಮಿಲಿಮೀಟರಿಗೆ ಇಳಿಯಿತು. ಅಂದರೆ ತಪ್ಪು ಉದ್ದದಲ್ಲಿಲ್ಲ, ಹೊತ್ತಿನಲ್ಲಿದೆ. ಟ್ರಯಲ್ ಪಾಸಾದದ್ದು ಯಾಕೆ ಎಂಬುದೂ ಅಲ್ಲೇ ತಿಳಿಯಿತು. ಒಂದು ಮಿಲಿಮೀಟರಿನ ಹರವನ್ನು ನಡುವಿಗೆ ತಂದು ಕೂರಿಸಿದರೆ ಆಚೀಚೆ ಅರ್ಧರ್ಧ, ಅಳತೆಗೆ ಸರಿಯಾಗಿ ಕೂರುತ್ತದೆ.

ನಾಲ್ಕು ಮಿಲಿಸೆಕೆಂಡ್ ಎಂದರೆ ಸೆಕೆಂಡಿಗೆ 250 ಸಲ. ಲಿನಕ್ಸ್ ಕರ್ನಲ್ ಜೊತೆ ಕೆಲಸ ಮಾಡಿದವರಿಗೆ 250 ಎಂಬ ಅಂಕಿ ಕಂಡರೆ ಕಿವಿ ನಿಮಿರುತ್ತದೆ.

ಟಿಕ್ ಮತ್ತು ಟೈಮರು

ಕರ್ನಲ್‌ಗೆ ಒಂದು ನಾಡಿ ಬಡಿತ ಇರುತ್ತದೆ, ಅದನ್ನು ಟಿಕ್ ಎನ್ನುತ್ತಾರೆ. ಸೆಕೆಂಡಿಗೆ ಎಷ್ಟು ಸಲ ಎಂಬುದನ್ನು ಕರ್ನಲ್ ಕಟ್ಟುವಾಗಲೇ ಆರಿಸುತ್ತಾರೆ. ಇಂಟೆಲ್ ಪಿಸಿಗಳಲ್ಲಿ 2.4 ಕರ್ನಲ್ ಕಾಲಕ್ಕೆ ಅದು 100 ಇತ್ತು, 2.6 ಬಂದಾಗ 1000 ಆಯಿತು. 2005ರಲ್ಲಿ ಬಂದ 2.6.13ರಿಂದ ಇದು ಆಯ್ಕೆಗೆ ಬಿಟ್ಟ ವಿಷಯವಾಯಿತು, ಮಾಮೂಲಿ ಆಯ್ಕೆ 250. ಡೆಬಿಯನ್ ಕರ್ನಲ್‌ನಲ್ಲೂ 250.

ಹಳೆಯ ಪದ್ಧತಿಯಲ್ಲಿ ಎಲ್ಲ ಟೈಮರುಗಳೂ ಈ ಟಿಕ್‌ಗೆ ಕಟ್ಟಿಹಾಕಿದವು. ನಮ್ಮ ಪುಣೆಯ ಪಿಎಂಪಿಎಂಎಲ್ ಸಿಟಿ ಬಸ್ಸಿನ ಹಾಗೆ ಎಂದುಕೊಳ್ಳಿ. ನೀವು ಎಷ್ಟು ಹೊತ್ತಿಗೇ ಸ್ಟಾಪಿಗೆ ಬಂದರೂ ಮುಂದಿನ ಬಸ್ಸು ಬರುವ ತನಕ ನಿಲ್ಲಲೇಬೇಕು. ಒಂದು ಮಿಲಿಸೆಕೆಂಡಿನ ನಂತರ ಎಬ್ಬಿಸು ಎಂದು ಕೇಳಿದವನನ್ನೂ ಮುಂದಿನ ಟಿಕ್‌ಗೇ ಎಬ್ಬಿಸುತ್ತದೆ.

ಇದಕ್ಕೆ ಪರಿಹಾರವಾಗಿ ಕರ್ನಲ್ ಕೋಡ್ ಬರೆಯುವ ಥಾಮಸ್ ಗ್ಲೈಕ್ಸ್‌ನರ್ ಮತ್ತು ಇಂಗೊ ಮೊಲ್ನಾರ್ ಬರೆದದ್ದೇ ಎಚ್‌ಆರ್‌ಟೈಮರ್, ಅಂದರೆ ಹೈ ರೆಸಲ್ಯೂಷನ್ ಟೈಮರ್. 2006ರಲ್ಲಿ 2.6.16ರ ಜೊತೆ ಅದರ ತಳಹದಿ ಬಂತು. 2007ರಲ್ಲಿ 2.6.21ರ ಜೊತೆ ಟಿಕ್ ಬಿಟ್ಟು ಹೊರಗೆ ಎಬ್ಬಿಸುವ ಶಕ್ತಿ ಪಿಸಿಗಳಿಗೆ ಬಂತು. ಇದು ಬಸ್ಸಲ್ಲ, ಆಟೋ. ನಿಮಗೆ ಬೇಕಾದ ಹೊತ್ತಿಗೇ ಹೊರಡುತ್ತದೆ. ಯಾವ ಟೈಮರ್ ಯಾವಾಗ ಮುಗಿಯಬೇಕು ಎಂಬುದನ್ನು ನ್ಯಾನೋಸೆಕೆಂಡ್ ಲೆಕ್ಕದಲ್ಲಿ ರೆಡ್-ಬ್ಲ್ಯಾಕ್ ಟ್ರೀ ಎಂಬ ಮರದಂಥ ರಚನೆಯಲ್ಲಿ ಕ್ರಮವಾಗಿ ಜೋಡಿಸಿಡುತ್ತಾರೆ. ಎಲ್ಲಕ್ಕಿಂತ ಬೇಗ ಮುಗಿಯುವ ಟೈಮರಿನ ಹೊತ್ತಿಗೆ ಹಾರ್ಡ್‌ವೇರ್ ಟೈಮರನ್ನು ಒಂದೇ ಸಲಕ್ಕೆಂದು ಹೊಂದಿಸುತ್ತಾರೆ. ಅದು ಹೊಡೆದ ಮೇಲೆ ಮುಂದಿನದಕ್ಕೆ ಮತ್ತೆ ಹೊಂದಿಸುತ್ತಾರೆ.

ಹಾಗಂತ ಹಳೆಯ ಪದ್ಧತಿಯನ್ನು ಬಿಸಾಕಲಿಲ್ಲ, ಮತ್ತು ಅದು ಸರಿಯಾದ ನಿರ್ಧಾರ ಎಂದೇ ನನ್ನ ಅಭಿಪ್ರಾಯ. ನೆಟ್‌ವರ್ಕ್ ಉತ್ತರ ಬರದಿದ್ದರೆ ಮತ್ತೆ ಕಳಿಸು ಎನ್ನುವಂಥ ಟೈಮರುಗಳು ಹೆಚ್ಚಾಗಿ ಮುಗಿಯುವುದೇ ಇಲ್ಲ, ಉತ್ತರ ಬಂದ ಕೂಡಲೇ ರದ್ದಾಗುತ್ತವೆ. ಅವುಗಳನ್ನು ಹಾಕುವುದೂ ತೆಗೆಯುವುದೂ ಅಗ್ಗವಾಗಿರಬೇಕು. ನಾಲ್ಕು ಮಿಲಿಸೆಕೆಂಡ್ ಹೆಚ್ಚುಕಡಿಮೆಯಾದರೆ ಅಲ್ಲಿ ಯಾರಿಗೂ ನಷ್ಟ ಇಲ್ಲ. ಅದಕ್ಕೆ ಹಳೆಯ ಟೈಮರ್ ವೀಲ್ ಇಂದಿಗೂ ಇದೆ. 2016ರಲ್ಲಿ 4.8 ಕರ್ನಲ್‌ನಲ್ಲಿ ಅದನ್ನು ಹೊಸದಾಗಿ ಬರೆದರು ಕೂಡ.

ಪ್ರಶ್ನೆ ಏನೆಂದರೆ, 2007ರಿಂದ ಇರುವ ಸೌಲಭ್ಯ ನಮ್ಮ ಪಿಸಿಯಲ್ಲಿ ಯಾಕೆ ಕೆಲಸ ಮಾಡುತ್ತಿಲ್ಲ?

ನಮ್ಮ ಥ್ರೆಡ್ಡಿಗೆ ಸ್ಕೆಡ್ ಫೈಫೋ ಎಂಬ ರಿಯಲ್ ಟೈಮ್ ನಿಯಮದಲ್ಲಿ 80ರ ಪ್ರಯಾರಿಟಿ, ಅಂದರೆ ಆದ್ಯತೆ, ಕೊಟ್ಟಿದ್ದೆವು. ಹುಡುಗ ಅದನ್ನೇ ತೋರಿಸಿದ. "ಸರ್, ನಾವು ರಿಯಲ್ ಟೈಮ್ ಪ್ರಯಾರಿಟಿ ಕೊಟ್ಟೀವಲ್ಲ?" ಕೊಟ್ಟಿದ್ದು ನಿಜ. ಆದರೆ ಪ್ರಯಾರಿಟಿ ಹೇಳುವುದು ಎದ್ದವರಲ್ಲಿ ಯಾರು ಮೊದಲು ಎಂದು ಮಾತ್ರ. ಮಲಗಿದವನನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸುವುದು ಅದರ ಕೆಲಸವಲ್ಲ.

ಆಗ ಅವನಿಗೆ ಇನ್ನೊಂದು ಉಪಾಯ ಹೊಳೆಯಿತು. ಮಲಗಿದರೆ ತಾನೇ ಏಳುವ ತಾಪತ್ರಯ? ಮಲಗುವುದನ್ನೇ ತೆಗೆದು ಥ್ರೆಡ್ ಸುಮ್ನೆ ಸುತ್ತುತ್ತಾ ಇರಲಿ. ಮಾಡಿ ನೋಡಿದೆವು. ಹೆಚ್ಚಿನ ಪ್ಯಾಕೆಟ್ ಅಚ್ಚುಕಟ್ಟಾಗಿ ಬಂದವು, ಆದರೆ ಒಂದು ನಿಮಿಷದೊಳಗೇ ಮಷೀನು ಮಾರ್ಕ್ ಸಿಗಲಿಲ್ಲ ಎಂಬ ಅಲಾರ್ಮ್ ಕೊಟ್ಟು ನಿಂತಿತು. ಮತ್ತೆ ಶುರು ಮಾಡಿದರೂ ಅದೇ ಕಥೆ. ಕಾರಣ ಕರ್ನಲ್‌ನ ಒಂದು ಕಾವಲು. ರಿಯಲ್ ಟೈಮ್ ಥ್ರೆಡ್‌ಗಳು ಇಡೀ ಸಿಪಿಯು ನುಂಗಬಾರದು ಎಂದು ಪ್ರತಿ 10,00,000 ಮೈಕ್ರೋಸೆಕೆಂಡಿನಲ್ಲಿ 9,50,000 ಮಾತ್ರ ಕೊಡುತ್ತದೆ. ಉಳಿದ 50 ಮಿಲಿಸೆಕೆಂಡ್ ಅವುಗಳನ್ನು ತಡೆದು ನಿಲ್ಲಿಸುತ್ತದೆ. ನಮ್ಮ ಐ ಮಾರ್ಕಿನ ಅಗಲ 6 ಮಿಲಿಮೀಟರ್, ಸೆನ್ಸರಿನ ಮುಂದೆ ಇರುವುದು 12 ಮಿಲಿಸೆಕೆಂಡ್ ಮಾತ್ರ. ಆ 50ರೊಳಗೆ ಬಂದ ಮಾರ್ಕ್ ಬಂದದ್ದೂ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ. ಆ ಕಾವಲನ್ನು ಆಫ್ ಮಾಡಬಹುದಿತ್ತು, ನಾನು ಒಪ್ಪಲಿಲ್ಲ. ಪ್ರೋಗ್ರಾಂ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಆ ಪಿಸಿಯನ್ನು ಹಿಡಿತಕ್ಕೆ ತರಲು ಉಳಿಯುವ ದಾರಿ ಅದೊಂದೇ.

ಒಂದು ಪದ

ಆಮೇಲೆ ನಾವು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆವು. ಸೈಕ್ಲಿಕ್‌ಟೆಸ್ಟ್ ಎಂಬ ಪ್ರೋಗ್ರಾಂ ಇದೆ, ಇದನ್ನೂ ಮೊದಲು ಬರೆದವರು ಗ್ಲೈಕ್ಸ್‌ನರ್. ನಿಗದಿತ ಹೊತ್ತಿಗೆ ಏಳುವಂತೆ ಮಲಗುವುದು, ಎದ್ದಾಗ ಎಷ್ಟು ತಡವಾಯಿತು ಎಂದು ಬರೆದುಕೊಳ್ಳುವುದು, ಅದರ ಕೆಲಸವೇ ಇದು. ಓಡಿಸಿದ ತಕ್ಷಣ ಮೊದಲ ಸಾಲಿನಲ್ಲೇ ಎಚ್ಚರಿಕೆ ಬಂತು: ಹೈ ರೆಸಲ್ಯೂಷನ್ ಟೈಮರ್ ಲಭ್ಯವಿಲ್ಲ. ಗಡಿಯಾರದ ರೆಸಲ್ಯೂಷನ್ ಎಷ್ಟು ಎಂದು ಕರ್ನಲ್‌ಗೆ ಕೇಳಿದರೆ ಬಂದ ಉತ್ತರ 40,00,000 ನ್ಯಾನೋಸೆಕೆಂಡ್. ಅಲ್ಲಿ 1 ಇರಬೇಕಿತ್ತು.

ಬೂಟ್ ಆಗುವಾಗ ಕರ್ನಲ್‌ಗೆ ಕೊಡುವ ಸಾಲನ್ನು ತೆರೆದು ನೋಡಿದೆ. ಉದ್ದನೆಯ ಸಾಲು. ಅದರ ನಡುವೆ, ಹೈರೆಸ್ ಆಫ್. ಅಂದರೆ ಹೈ ರೆಸಲ್ಯೂಷನ್ ಟೈಮರ್ ಬೇಡ.

ಹಳೆಯ ಕಾಲದಲ್ಲಿ ಕೆಲವು ಬೋರ್ಡುಗಳ ಬಯಾಸ್ (ಬೋರ್ಡಿನಲ್ಲೇ ಇರುವ ಮೂಲ ಪ್ರೋಗ್ರಾಂ) ಮತ್ತು ಟೈಮರ್ ಸರಿ ಹೊಂದದೆ ಪಿಸಿ ಬೂಟ್ ಆಗುವಾಗಲೇ ನಿಂತುಬಿಡುತ್ತಿತ್ತು. ಆಗ ಈ ಪದ ಹಾಕಿದರೆ ಕೆಲಸ ನಡೆಯುತ್ತಿತ್ತು. ನಮ್ಮ ಶೆಡ್ಡಿನಲ್ಲೂ ಅಂಥ ಒಂದು ಪಿಸಿಗೆ ಹಿಂದೆ ಯಾವಾಗಲೋ ಹಾಕಿದ್ದಾರೆ. ಆ ಪಿಸಿ ಹೋಯಿತು, ಸಾಲು ಮಾತ್ರ ಒಂದು ಇಮೇಜಿನಿಂದ (ಪಿಸಿಗೆ ಹಾಕುವ ಇಡೀ ಸಾಫ್ಟ್‌ವೇರಿನ ಪ್ರತಿ) ಇನ್ನೊಂದಕ್ಕೆ ಕಾಪಿಯಾಗುತ್ತಾ ಬಂತು. ಹಳೆಯ ಮಷೀನುಗಳಲ್ಲಿ ಪಿಸಿ ಬರೀ ಸ್ಕ್ರೀನ್ ತೋರಿಸುತ್ತಿದ್ದುದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ.

ಪದ ತೆಗೆದು ರೀಬೂಟ್ ಮಾಡಿದೆವು. ರೆಸಲ್ಯೂಷನ್ 1 ನ್ಯಾನೋಸೆಕೆಂಡ್ ಎಂದು ಬಂತು. ಇದರರ್ಥ ನಿಜವಾಗಿ ಒಂದು ನ್ಯಾನೋಸೆಕೆಂಡಿಗೆ ಎಬ್ಬಿಸುತ್ತದೆ ಎಂದಲ್ಲ. ಟಿಕ್‌ನ ಹಂಗು ತಪ್ಪಿತು ಎಂದಷ್ಟೇ.

ಇನ್ನೊಂದು ಸಣ್ಣ ತಿದ್ದುಪಡಿಯೂ ಬೇಕಿತ್ತು. ನಮ್ಮ ಥ್ರೆಡ್ ಕೆಲಸ ಮುಗಿಸಿ, ಇಲ್ಲಿಂದ ಒಂದು ಮಿಲಿಸೆಕೆಂಡ್ ಮಲಗುತ್ತೇನೆ ಎನ್ನುತ್ತಿತ್ತು. ಹಾಗೆ ಮಾಡಿದರೆ ಕೆಲಸಕ್ಕೆ ಹಿಡಿದ ಹೊತ್ತು ಪ್ರತಿ ಸುತ್ತಿಗೂ ಸೇರುತ್ತಾ ಹೋಗುತ್ತದೆ. ಅದನ್ನು ಬದಲಿಸಿ, ಗಡಿಯಾರ ಇಂಥ ಹೊತ್ತು ತೋರಿಸಿದಾಗ ಎಬ್ಬಿಸು ಎಂದು ಕೇಳುವಂತೆ ಮಾಡಿದೆವು. ಕ್ಲಾಕ್ ನ್ಯಾನೋಸ್ಲೀಪ್‌ಗೆ ಅಬ್ಸಲ್ಯೂಟ್ ಟೈಮ್ ಎಂಬ ಫ್ಲ್ಯಾಗ್ ಕೊಟ್ಟರೆ ಆಯಿತು.

ಲೋಣಾವಳಕ್ಕೆ ಹೋಗಿ ಹೊಸ ಇಮೇಜ್ ಹಾಕಿ ಪೂರ್ತಿ ವೇಗದಲ್ಲಿ ಓಡಿಸಿದೆವು. ಮತ್ತೆ ನೂರು ಪ್ಯಾಕೆಟ್ ಅಳೆದೆವು. ಹರವು ಅರ್ಧ ಮಿಲಿಮೀಟರಿನೊಳಗೆ ಬಂತು. ಮಿಲಿಸೆಕೆಂಡಿಗೊಮ್ಮೆ ನೋಡಿದರೆ ಅಷ್ಟೇ ಬರಬೇಕು, ಅಷ್ಟೇ ಬಂತು. ಮಾಲಕರಿಗೆ ಫೋನ್ ಮಾಡಿ ಕೆಲಸ ಆಯಿತು ಎನ್ನುವಷ್ಟರಲ್ಲಿ ಆಪರೇಟರ್ ಒಂದು ಪ್ಯಾಕೆಟ್ ತಂದು ಕೈಗಿಟ್ಟ. ಕಟ್ ಮೂರು ಮಿಲಿಮೀಟರ್ ಆಚೆ, ಅಕ್ಷರದ ಮೇಲೆ.

ಕಾಂಟ್ಯಾಕ್ಟರಿನ ಟಕ್

ಸಣ್ಣ ರೋಗ ಗುಣವಾದ ಮೇಲೆ ದೊಡ್ಡ ರೋಗ ಸ್ಪಷ್ಟವಾಗಿ ಕಂಡಿತು. ಎಂಟು ಹತ್ತು ನಿಮಿಷಕ್ಕೊಂದು ತಪ್ಪು ಪ್ಯಾಕೆಟ್. ಎಷ್ಟು ತಪ್ಪಿದರೂ ಮೂರೂವರೆ ಮಿಲಿಮೀಟರ್ ದಾಟುವುದಿಲ್ಲ.

ಕಾಕಾ ಮಷೀನಿನ ಪಕ್ಕ ಸ್ಟೂಲ್ ಹಾಕಿಕೊಂಡು ಎರಡು ತಾಸು ಕೂತರು. ಕೈಯಲ್ಲಿ ಚಾಕ್‌ಪೀಸ್. ಆಮೇಲೆ ನನ್ನನ್ನು ಕರೆದರು.

"ಜಾ ಹೀಟರ್ ಕಾಂಟ್ಯಾಕ್ಟರ್ ಟಕ್ ಅಂತದಲ್ಲ, ತಪ್ಪು ಬಿದ್ದಾಗೆಲ್ಲಾ ಅದು ಟಕ್ ಅಂದಿರ್ತದ. ಖರೆ ಟಕ್ ಅಂದಾಗೆಲ್ಲಾ ತಪ್ಪು ಬೀಳೂದಿಲ್ಲ ನೋಡ್ ತಮ್ಮಾ."

ಕಾಂಟ್ಯಾಕ್ಟರ್ ಎಂದರೆ ಹೀಟರಿಗೆ ಕರೆಂಟ್ ಕೊಟ್ಟು ತೆಗೆಯುವ ಸ್ವಿಚ್ಚು. ಬಿಸಿ ಹೆಚ್ಚಾಗಿ ಫಿಲ್ಮ್ ಕುಗ್ಗುತ್ತಿದೆಯಾ ಎಂದು ಒಂದು ಗಳಿಗೆ ಅನಿಸಿತು. ಆದರೆ ಫಿಲ್ಮ್ ಒಂದು ಟಕ್‌ನ ಹೊತ್ತಿನಲ್ಲಿ ಕುಗ್ಗಿ ಮುಂದಿನ ಪ್ಯಾಕೆಟ್ಟಿಗೆ ಸರಿಹೋಗುವುದಿಲ್ಲ. ಹಾಗಾಗಿ ಥ್ರೆಡ್ಡಿನೊಳಗೇ ಅಳತೆ ಇಟ್ಟೆವು. ಪ್ರತಿ ಸಲ ಎದ್ದಾಗ ಏಳಬೇಕಿದ್ದ ಹೊತ್ತು ಮತ್ತು ಎದ್ದ ಹೊತ್ತಿನ ಅಂತರ ಒಂದು ಮಿಲಿಸೆಕೆಂಡ್ ದಾಟಿದರೆ ಮೆಮೊರಿಯಲ್ಲಿ ಗುರುತು ಹಾಕಿಕೊಳ್ಳುವುದು. ಸ್ಕ್ರೀನಿಗೆ ಅಥವಾ ಫೈಲಿಗೆ ಅಲ್ಲಿಂದಲೇ ಬರೆಯಬಾರದು, ಬರೆಯುವುದೇ ಒಂದು ತಡವಾಗುತ್ತದೆ. ಇದು ಎಷ್ಟು ಮುಖ್ಯ ಎಂಬುದು ಸ್ವಲ್ಪ ಹೊತ್ತಿನಲ್ಲೇ ಗೊತ್ತಾಯಿತು.

ಒಂದು ಗಂಟೆ ಓಡಿಸಿ ತೆಗೆದು ನೋಡಿದರೆ ಮುನ್ನೂರರಷ್ಟು ಗುರುತುಗಳು! ಸುಮಾರು ಹನ್ನೆರಡು ಸೆಕೆಂಡಿಗೊಂದು. ಪ್ರತಿಯೊಂದೂ ಏಳು ಮಿಲಿಸೆಕೆಂಡಿನ ಆಸುಪಾಸು. ತಪ್ಪು ಪ್ಯಾಕೆಟ್ ಮಾತ್ರ ಗಂಟೆಗೆ ಏಳೆಂಟು. ಲೆಕ್ಕ ಹಾಕಿದರೆ ಇದೂ ಕೂಡಿಬರುತ್ತದೆ. ಪ್ಯಾಕೆಟ್ಟಿಗೆ 300 ಮಿಲಿಸೆಕೆಂಡ್, ಅದರಲ್ಲಿ ಕುರುಡಾಗುವುದು 7. ಆ ಏಳರೊಳಗೇ ಮಾರ್ಕ್ ಬರುವ ಸಂಭವ ನಲವತ್ಮೂರಕ್ಕೆ ಒಂದು. ಮುನ್ನೂರು ಸಲ ಕುರುಡಾದರೆ ಏಳು ಸಲ ಸಿಕ್ಕಿಬೀಳುತ್ತದೆ. ಕಾಕಾ ಹೇಳಿದ್ದು ಅಕ್ಷರಶಃ ಸರಿ ಇತ್ತು. ಮೂರೂವರೆಯ ಗೋಡೆಯೂ ಅಷ್ಟೇ, ಏಳು ಮಿಲಿಸೆಕೆಂಡಿಗೆ ಅರ್ಧ ಅರ್ಧದಂತೆ.

ಆ ಗುರುತುಗಳ ಹೊತ್ತನ್ನು ಕರ್ನಲ್ ಲಾಗಿನ ಪಕ್ಕ ಇಟ್ಟೆವು. ಪ್ರತಿ ಗುರುತಿನ ಎದುರು ಲಾಗಿನಲ್ಲಿ ಒಂದು ಸಾಲು. ಟಚ್ ಸ್ಕ್ರೀನಿನ ಯುಎಸ್‌ಬಿ ದೋಷ. ಟಚ್ ಸ್ಕ್ರೀನಿನ ಕೇಬಲ್ಲು ಹೀಟರಿನ ವಯರಿನ ಜೊತೆ ಒಂದೇ ನಾಳದಲ್ಲಿ ಹೋಗಿತ್ತು. ಕಾಂಟ್ಯಾಕ್ಟರ್ ಟಕ್ ಅಂದಾಗ ಎರಡು ಮೂರು ಸಲಕ್ಕೊಮ್ಮೆ ಕೇಬಲ್ಲಿಗೆ ವಿದ್ಯುತ್ತಿನ ಗದ್ದಲ ಹೊಕ್ಕು ಒಂದು ದೋಷ ಆಗುತ್ತಿತ್ತು. ಯುಎಸ್‌ಬಿ ಡ್ರೈವರ್ ಮತ್ತೆ ಪ್ರಯತ್ನಿಸಿ ಸರಿ ಮಾಡಿಕೊಳ್ಳುತ್ತಿತ್ತು. ಟಚ್ ಚೆನ್ನಾಗೇ ಕೆಲಸ ಮಾಡುತ್ತಿದ್ದುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

ಒಂದು ದೋಷ ಬರೆಯಲು ಏಳು ಮಿಲಿಸೆಕೆಂಡ್ ಯಾಕೆ? ಉತ್ತರ ಅದೇ ಬೂಟ್ ಸಾಲಿನಲ್ಲಿತ್ತು. ಹಿಂದೆ ಡೀಬಗ್ ಮಾಡಲೆಂದು ಕರ್ನಲ್ ಸಂದೇಶಗಳನ್ನು ಸೀರಿಯಲ್ ಪೋರ್ಟಿಗೂ ಕಳಿಸು ಎಂದು ಹಾಕಿದ್ದರು, ವೇಗ 1,15,200. ಸೀರಿಯಲ್ ಲೈನಿನಲ್ಲಿ ಒಂದು ಅಕ್ಷರಕ್ಕೆ ಹತ್ತು ಬಿಟ್ ಬೇಕು. ಅಂದರೆ ಸೆಕೆಂಡಿಗೆ 11,520 ಅಕ್ಷರ. ಎಂಬತ್ತು ಅಕ್ಷರದ ಒಂದು ಸಾಲು ಹೊರಹೋಗಲು 6.9 ಮಿಲಿಸೆಕೆಂಡ್. ಮಾಮೂಲಿ ಕರ್ನಲ್‌ನಲ್ಲಿ ಆ ಸಾಲು ಪೂರ್ತಿ ಹೋಗುವ ತನಕ ಆ ಸಿಪಿಯು ತನ್ನ ಇಂಟರಪ್ಟ್‌ಗಳನ್ನು, ಅಂದರೆ ಹಾರ್ಡ್‌ವೇರ್ ತನ್ನತ್ತ ಗಮನ ಕೊಡು ಎಂದು ಕೊಡುವ ಕರೆಗಳನ್ನು, ಮುಚ್ಚಿಕೊಂಡು ಕೂರುತ್ತದೆ. ನಮ್ಮ ಥ್ರೆಡ್ ಅದೇ ಸಿಪಿಯು ಮೇಲೆ ಮಲಗಿದ್ದರೆ ಅದನ್ನು ಎಬ್ಬಿಸಬೇಕಾದ ಟೈಮರ್ ಇಂಟರಪ್ಟ್ ಬಾಗಿಲಲ್ಲೇ ಕಾಯುತ್ತದೆ. ಆಟೋ ಹೊತ್ತಿಗೆ ಸರಿಯಾಗಿಯೇ ಹೊರಟಿದೆ, ನಾಶಿಕ್ ಫಾಟಾದಲ್ಲಿ ಸಿಗ್ನಲ್ ಬಿಡುತ್ತಿಲ್ಲ.

ಆ ಪೋರ್ಟಿನ ಆ ತುದಿಗೆ ಯಾವ ಕೇಬಲ್ಲೂ ಚುಚ್ಚಿರಲಿಲ್ಲ.

ಸೀರಿಯಲ್ ಸಾಲು ತೆಗೆದ ರಾತ್ರಿ ಒಂದೂ ತಪ್ಪು ಪ್ಯಾಕೆಟ್ ಬರಲಿಲ್ಲ. ಕಾಕಾ ಕೇಬಲ್ಲನ್ನು ಬೇರೆ ನಾಳಕ್ಕೆ ಹಾಕಿ, ಶೀಲ್ಡ್ ಇರುವ ಕೇಬಲ್ ಕೂರಿಸಿ, ಗದ್ದಲ ತಡೆಯುವ ಫೆರೈಟ್ ಉಂಗುರ ತೊಡಿಸಿದರು. ಆ ದೋಷದ ಸಾಲು ಬರುವುದೇ ನಿಂತಿತು.

ಇಲ್ಲಿಗೆ ಸಾಕು ಎಂದರು ಮಾಲಕರು. ನಾನು ಬೇಡ ಎಂದೆ, ಮತ್ತು ಇದರ ಬಗ್ಗೆ ನಮ್ಮಲ್ಲಿ ಸ್ವಲ್ಪ ವಾದವೇ ಆಯಿತು.

"ಸರ್, ನಾವು ಮುಚ್ಚಿದ್ದು ಒಂದು ತೂತು. ಇಂಟರಪ್ಟ್ ಮುಚ್ಚಿ ಕೂರುವ ಜಾಗ ಈ ಕರ್ನಲ್‌ನಲ್ಲಿ ಇನ್ನೂ ಎಷ್ಟೋ ಇವೆ. ನಾಳೆ ಗಿರಾಕಿ ಬೇರೆ ಪ್ರಿಂಟರ್ ಚುಚ್ಚುತ್ತಾರೆ. ಅದರ ಡ್ರೈವರ್ ಏನು ಮಾಡುತ್ತದೋ ನಾವು ಹೇಳಲಾರೆವು."

ರಿಯಲ್ ಟೈಮ್ ಎಂದರೆ ಬೇಗ ಎಂದಲ್ಲ. ಎಷ್ಟೇ ಕೆಟ್ಟ ಗಳಿಗೆಯಲ್ಲೂ ಇಷ್ಟರೊಳಗೆ ಎಂದು ಭರವಸೆ ಕೊಡುವುದು. ಸರಾಸರಿ ಹತ್ತು ಮೈಕ್ರೋಸೆಕೆಂಡ್ ಇದ್ದು ಗಂಟೆಗೊಮ್ಮೆ ಏಳು ಮಿಲಿಸೆಕೆಂಡ್ ಆದರೆ ನಮಗೆ ಆ ಸರಾಸರಿಯಿಂದ ಏನೂ ಉಪಯೋಗವಿಲ್ಲ. ಬ್ಲೇಡಿಗೆ ಸರಾಸರಿ ಗೊತ್ತಿಲ್ಲ.

ಪ್ರಿಎಂಪ್ಟ್ ಆರ್‌ಟಿ

ಡೆಬಿಯನ್‌ನಲ್ಲಿ ಆರ್‌ಟಿ, ಅಂದರೆ ರಿಯಲ್ ಟೈಮ್, ಕರ್ನಲ್ ಬೇರೆ ಪ್ಯಾಕೇಜಾಗಿ ಸಿಗುತ್ತದೆ. ಅದನ್ನೇ ಹಾಕಿದೆವು. ಇದರ ಹಿಂದೆ ಇಪ್ಪತ್ತು ವರ್ಷಗಳ ದುಡಿಮೆ ಇದೆ. 2004ರ ಹೊತ್ತಿಗೆ ಮೊಲ್ನಾರ್ ಶುರು ಮಾಡಿದ, ಆಮೇಲೆ ಗ್ಲೈಕ್ಸ್‌ನರ್ ಮುಂದೆ ನಿಂತು ನಡೆಸಿದ ಪ್ಯಾಚ್‌ಗಳು ಒಂದೊಂದಾಗಿ ಮುಖ್ಯ ಕರ್ನಲ್ ಸೇರುತ್ತಾ ಬಂದವು. ಎಚ್‌ಆರ್‌ಟೈಮರ್ ಕೂಡ ಅದೇ ಕೆಲಸದ ಫಲ. 2006ರಲ್ಲಿ ಪ್ರಯಾರಿಟಿ ಇನ್‌ಹೆರಿಟೆನ್ಸ್ (ಲಾಕ್ ಹಿಡಿದವನಿಗೆ ಅದಕ್ಕಾಗಿ ಕಾಯುವವನ ಪ್ರಯಾರಿಟಿಯನ್ನು ಅಷ್ಟು ಹೊತ್ತು ಕೊಡುವುದು), 2009ರಲ್ಲಿ ಥ್ರೆಡ್ಡಿನಲ್ಲಿ ಓಡುವ ಇಂಟರಪ್ಟ್‌ಗಳು. ಉಳಿದ ಕೊನೆಯ ದೊಡ್ಡ ಅಡ್ಡಿ ಯಾವುದು ಗೊತ್ತಾ? ಪ್ರಿಂಟ್‌ಕೆ, ಅಂದರೆ ಕರ್ನಲ್ ಸಂದೇಶ ಬರೆಯುವ ವ್ಯವಸ್ಥೆ. ನಮ್ಮ ಚಿಕ್ಕಿ ಪ್ಯಾಕೆಟ್ಟನ್ನು ಕೆಡಿಸಿದ್ದೂ ಅದೇ! 2024ರ ಸೆಪ್ಟೆಂಬರಿನಲ್ಲಿ ವಿಯೆನ್ನಾದ ಸಮ್ಮೇಳನದಲ್ಲಿ ಗ್ಲೈಕ್ಸ್‌ನರ್ ಉಳಿದದ್ದನ್ನು ಸೇರಿಸಿಕೊಳ್ಳಿ ಎಂಬ ಕೊನೆಯ ಕೋರಿಕೆಯನ್ನು ಕಾಗದದಲ್ಲಿ ಮುದ್ರಿಸಿ, ಬಂಗಾರದ ಬಣ್ಣದ ಹೊದಿಕೆ ಸುತ್ತಿ ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ ಕೈಗೆ ಕೊಟ್ಟರು. ಅದು ನವೆಂಬರಿನಲ್ಲಿ ಬಂದ 6.12 ಕರ್ನಲ್ ಸೇರಿತು. ನನಗೆ ಆ ಸುದ್ದಿ ಓದಿದಾಗ ನಮ್ಮ ಮನೆಯ ಹುಡುಗ ಪಾಸಾದಷ್ಟು ಸಂತೋಷವಾಗಿತ್ತು.

ಆರ್‌ಟಿ ಕರ್ನಲ್ ಮಾಡುವುದು ಏನೆಂದರೆ, ಡ್ರೈವರುಗಳ ಇಂಟರಪ್ಟ್ ಕೆಲಸವನ್ನು ಬೇರೆ ಬೇರೆ ಥ್ರೆಡ್‌ಗಳಿಗೆ ಹಾಕುತ್ತದೆ. ಅವುಗಳಿಗೆ ಮಾಮೂಲಿಯಾಗಿ 50ರ ಪ್ರಯಾರಿಟಿ. ನಮ್ಮದು 80, ಹಾಗಾಗಿ ನಮ್ಮದು ಮೊದಲು. ಕರ್ನಲ್‌ನೊಳಗಿನ, ಸಿಗುವ ತನಕ ಸುತ್ತುತ್ತಲೇ ಕಾಯುವ ಸ್ಪಿನ್‌ಲಾಕ್‌ಗಳಲ್ಲಿ ಹೆಚ್ಚಿನವು ಮಲಗಬಲ್ಲ ಲಾಕ್‌ಗಳಾಗುತ್ತವೆ, ಹಿಡಿದವನನ್ನು ನಡುವೆಯೇ ತಡೆದು ಪಕ್ಕಕ್ಕೆ ಸರಿಸಬಹುದು. ಸಂದೇಶ ಬರೆಯುವುದೂ ತನ್ನದೇ ಥ್ರೆಡ್ಡಿಗೆ ಹೋಗುತ್ತದೆ. ಇದಕ್ಕೆ ಬೆಲೆ ಇದೆ, ಒಟ್ಟು ಕೆಲಸ ಸ್ವಲ್ಪ ನಿಧಾನವಾಗುತ್ತದೆ. ನಮ್ಮ ಸ್ಕ್ರೀನಿನ ಗ್ರಾಫ್ ಮೊದಲಿನಷ್ಟು ನುಣುಪಾಗಿ ಓಡುವುದಿಲ್ಲ. ಚಿಕ್ಕಿ ಪ್ಯಾಕ್ ಮಾಡುವವರಿಗೆ ಅದು ಬೇಕಾಗಿಯೂ ಇರಲಿಲ್ಲ.

ಜೊತೆಗೆ ಇನ್ನೂ ಕೆಲವನ್ನು ಮಾಡಿದೆವು. ಒಂದು ಕೋರನ್ನು ನಮ್ಮ ಥ್ರೆಡ್ಡಿಗೇ ಬಿಟ್ಟುಕೊಟ್ಟೆವು. ಮೆಮೊರಿ ಪೇಜ್‌ಗಳು ಹೊರಹೋಗದಂತೆ ಲಾಕ್ ಮಾಡಿದೆವು. ಸಿಪಿಯು ಆಳವಾದ ನಿದ್ದೆಗೆ ಹೋಗದಂತೆ ತಡೆದೆವು, ಯಾಕೆಂದರೆ ಆ ನಿದ್ದೆಯಿಂದ ಏಳಲೂ ಹೊತ್ತು ಬೇಕು.

ಕೋಡ್ ಓದುವಾಗ ಇನ್ನೊಂದು ಕಣ್ಣಿಗೆ ಬಿತ್ತು. ಪ್ಯಾಕೆಟ್ಟಿನ ಉದ್ದ ಮುಂತಾದ ಸೆಟ್ಟಿಂಗನ್ನು ಸ್ಕ್ರೀನಿನ ಥ್ರೆಡ್ ಮತ್ತು ನಮ್ಮ ಥ್ರೆಡ್ ಒಂದೇ ಲಾಕ್ ಇಟ್ಟುಕೊಂಡು ಹಂಚಿಕೊಂಡಿದ್ದವು. ಸ್ಕ್ರೀನಿನದು ಲಾಕ್ ಹಿಡಿದಿರುವಾಗ ನಡುವಿನ ಪ್ರಯಾರಿಟಿಯ ಮೂರನೆಯದೊಂದು ಅದನ್ನು ತಳ್ಳಿ ಓಡಿದರೆ, ಎಲ್ಲಕ್ಕಿಂತ ಮೇಲಿನ ನಮ್ಮ ಥ್ರೆಡ್ ಆ ಮೂರನೆಯದಕ್ಕಾಗಿ ಕಾಯಬೇಕಾಗುತ್ತದೆ. 1997ರಲ್ಲಿ ಮಂಗಳನ ಮೇಲೆ ಇಳಿದ ಪಾಥ್‌ಫೈಂಡರ್ ಮತ್ತೆ ಮತ್ತೆ ರೀಸೆಟ್ ಆದದ್ದು ಇದರಿಂದಲೇ. ಅಲ್ಲಿ ಲಿನಕ್ಸ್ ಇರಲಿಲ್ಲ, ವಿಎಕ್ಸ್‌ವರ್ಕ್ಸ್ ಇತ್ತು, ಆದರೆ ರೋಗ ಇದೇ. ಭೂಮಿಯಿಂದಲೇ ಪ್ರಯಾರಿಟಿ ಇನ್‌ಹೆರಿಟೆನ್ಸ್ ಆನ್ ಮಾಡಿ ಸರಿಪಡಿಸಿದರು. ನಮ್ಮಲ್ಲಿ ಅದು ಇನ್ನೂ ಆಗಿರಲಿಲ್ಲ, ಆಗುವ ಮೊದಲೇ ಲಾಕ್ ಮಾಡುವ ಕಡೆ ಆ ಗುಣವನ್ನು ಸೇರಿಸಿದೆವು.

ಪರೀಕ್ಷೆಗೆ ಬುಧವಾರ ರಾತ್ರಿ ಆರಿಸಿದೆವು. ಭೋಸರಿಯಲ್ಲಿ ಗುರುವಾರ ವಾರದ ರಜೆ, ಶೆಡ್ಡಿನಲ್ಲಿ ಯಾರೂ ಮುಟ್ಟುವುದಿಲ್ಲ. ಆದರೆ ಅದೇ ದಿನ ಕರೆಂಟಿನ ರಿಪೇರಿಯೂ ನಡೆಯುತ್ತದೆ, ಹಾಗಾಗಿ ಪಿಸಿಯನ್ನು ದೊಡ್ಡ ಯುಪಿಎಸ್‌ಗೆ ಹಾಕಿದೆವು. ಬರೀ ಸೈಕ್ಲಿಕ್‌ಟೆಸ್ಟ್ ಓಡಿಸಿದರೆ ಪ್ರಯೋಜನವಿಲ್ಲ. ಖಾಲಿ ರಸ್ತೆಯಲ್ಲಿ ಎಲ್ಲ ಆಟೋಗಳೂ ಹೊತ್ತಿಗೇ ತಲುಪುತ್ತವೆ ಅಲ್ವಾ? ಡಿಸ್ಕಿಗೆ ಬರೆಯುವ ಕೆಲಸ, ನೆಟ್‌ವರ್ಕಿನಲ್ಲಿ ಫೈಲ್ ಕಾಪಿ, ಸ್ಕ್ರೀನಿನ ಗ್ರಾಫ್, ಎಲ್ಲವನ್ನೂ ಒಟ್ಟಿಗೆ ಹೇರಿದೆವು. ಸೀರಿಯಲ್ ಸಾಲನ್ನೂ ಬೇಕೆಂದೇ ವಾಪಸ್ ಹಾಕಿ, ಸೆಕೆಂಡಿಗೊಂದು ಸಂದೇಶ ಬರೆಸಿದೆವು. ಶುಕ್ರವಾರ ಬೆಳಿಗ್ಗೆ ಬಂದು ನೋಡಿದಾಗ ಅತಿ ಹೆಚ್ಚಿನ ತಡ 60 ಮೈಕ್ರೋಸೆಕೆಂಡಿನೊಳಗಿತ್ತು. ಫಿಲ್ಮಿನ ಲೆಕ್ಕದಲ್ಲಿ ಮಿಲಿಮೀಟರಿನ ಮೂವತ್ಮೂರನೇ ಒಂದು ಭಾಗ. ಮಾಲಕರು ಆ ಅಂಕಿಯನ್ನು ಎರಡು ಸಲ ಓದಿ, ಈ ಇಮೇಜೇ ಲೋಣಾವಳಕ್ಕೆ ಹೋಗಲಿ ಎಂದರು.

ಆಮೇಲೆ ಬದಲಾದದ್ದು

ಮಾರ್ಕಿನ ಕ್ಷಣವನ್ನು ಸಾಫ್ಟ್‌ವೇರ್ ಹಿಡಿಯಬೇಕು ಎಂಬ ವಿನ್ಯಾಸವೇ ಸರಿಯಲ್ಲ ಎಂದು ನಾನು ಈಗ ಗಟ್ಟಿಯಾಗಿ ಹೇಳುತ್ತೇನೆ. ಮೋಟಾರು ನಡೆಸುವ ಸರ್ವೋ ಡ್ರೈವ್‌ಗಳಲ್ಲಿ ಟಚ್ ಪ್ರೋಬ್ ಎಂಬ ಇನ್‌ಪುಟ್ ಇರುತ್ತದೆ. ಸೆನ್ಸರಿನ ವಯರನ್ನು ನೇರ ಅಲ್ಲಿಗೆ ಕೊಟ್ಟರೆ ಮಾರ್ಕ್ ಬಂದ ಕ್ಷಣದ ಎನ್‌ಕೋಡರ್ ಅಂಕಿಯನ್ನು ಹಾರ್ಡ್‌ವೇರೇ ಹಿಡಿದಿಡುತ್ತದೆ. ಸಾಫ್ಟ್‌ವೇರ್ ಸಾವಕಾಶವಾಗಿ ಓದಿಕೊಳ್ಳಬಹುದು. ಮುಂದಿನ ಮಷೀನಿನಿಂದ ಹಾಗೇ ಮಾಡಿದ್ದೇವೆ. ಆದರೂ ಬ್ಲೇಡಿಗೆ ಆಜ್ಞೆ ಹೋಗುವುದು ನಮ್ಮ ಥ್ರೆಡ್ಡಿನಿಂದಲೇ, ಆದ್ದರಿಂದ ಆರ್‌ಟಿ ಕರ್ನಲ್ ಉಳಿಯಿತು.

ಪ್ರೋಗ್ರಾಂ ಶುರುವಾಗುವಾಗ ಈಗ ಗಡಿಯಾರದ ರೆಸಲ್ಯೂಷನ್ ಕೇಳುತ್ತದೆ. ಉತ್ತರ 1 ನ್ಯಾನೋಸೆಕೆಂಡ್ ಅಲ್ಲದಿದ್ದರೆ, ಅಥವಾ ಕರ್ನಲ್ ಆರ್‌ಟಿ ಅಲ್ಲದಿದ್ದರೆ, ಮಷೀನು ಓಡುವುದಿಲ್ಲ, ಕಾರಣವನ್ನು ಸ್ಕ್ರೀನಿನಲ್ಲಿ ಕನ್ನಡ ಮತ್ತು ಮರಾಠಿಯಲ್ಲಿ ತೋರಿಸುತ್ತದೆ. ಟ್ರಯಲ್ ನಿಧಾನಕ್ಕೆ ಮಾಡುವುದನ್ನು ಮಾಲಕರೇ ನಿಲ್ಲಿಸಿದರು. ಗಿರಾಕಿ ಎಷ್ಟು ವೇಗ ಕೇಳಿದ್ದಾರೋ ಅಷ್ಟರಲ್ಲೇ ಓಡಿಸುವುದು, ರೋಲು ನಮ್ಮ ಖರ್ಚಿನಲ್ಲಿ.

ಎರಡನೆಯ ಮಷೀನಿಗೆ ಬಂದ ಪಿಸಿ ಅದೇ ಮಾಡೆಲ್ಲು, ಬಯಾಸ್ ಮಾತ್ರ ಹೊಸದು. ಅದೇ ಇಮೇಜ್, ಅದೇ ಬುಧವಾರದ ಪರೀಕ್ಷೆ. ಈ ಸಲ ಅತಿ ಹೆಚ್ಚಿನ ತಡ 180 ಮೈಕ್ರೋಸೆಕೆಂಡ್. ಕರ್ನಲ್ ಟ್ರೇಸ್‌ನಲ್ಲಿ ಕಾರಣವೇ ಸಿಗಲಿಲ್ಲ. ಇಂಟರಪ್ಟ್ ಮುಚ್ಚಿಕೊಂಡು ಗಡಿಯಾರವನ್ನೇ ಬಿಡದೆ ಓದುತ್ತಾ, ನಡುವೆ ಹೊತ್ತು ಎಲ್ಲಿ ಜಿಗಿಯಿತು ಎಂದು ನೋಡುವ ಒಂದು ಡಿಟೆಕ್ಟರ್ ಇದೆ. ಅದನ್ನು ಓಡಿಸಿದಾಗ ಜಿಗಿತ ಕಂಡಿತು. ಅಂದರೆ ಆ ಹೊತ್ತಿನಲ್ಲಿ ಸಿಪಿಯು ಕರ್ನಲ್ ಕೈಯಲ್ಲೇ ಇರಲಿಲ್ಲ, ಬಯಾಸ್ ಕೈಯಲ್ಲಿತ್ತು. ಸಿಸ್ಟಮ್ ಮ್ಯಾನೇಜ್‌ಮೆಂಟ್ ಇಂಟರಪ್ಟ್ ಬಂದರೆ ಕರ್ನಲ್‌ಗೆ ತಿಳಿಸದೆಯೇ ಬಯಾಸ್ ತನ್ನ ಕೆಲಸ ಮಾಡಿಕೊಂಡು ವಾಪಸ್ ಕೊಡುತ್ತದೆ. ಹುಡುಗ ಬಯಾಸ್ ಮೆನು ತೆರೆದು ಹಳೆಯ ಯುಎಸ್‌ಬಿ ಕೀಬೋರ್ಡಿಗೆಂದು ಇಟ್ಟಿದ್ದ ಲೆಗಸಿ ಸಪೋರ್ಟ್ ಆಫ್ ಮಾಡಿದ. ಮುಂದಿನ ಗುರುವಾರದ ಓಟದಲ್ಲಿ ಅಂಕಿ ಮತ್ತೆ 60ರೊಳಗೆ ಬಂತು. ಕಾಕಾ ಮಷೀನನ್ನು ಟೆಂಪೋಗೆ ಹತ್ತಿಸಿದರು.